ಎರಡನೇ ಕಾಂತಗಣ್ಣು ಇಟ್ಟವರಿಗೆ

ಬಾಗಿಲೂರು, ಕಾಳಿ ನದಿಯ ಹೊಸ ಅಳಿವೆ
ಕಡಲೇರಿದ ೧೧೮ನೇ ವರ್ಷ, ಎರಡನೇ ಆಷಾಢ (ನಿಮ್ಮ ಲೆಕ್ಕದಲ್ಲಿ ೨೨೯೪ ಇರಬೇಕು)

ನನ್ನ ಹಿಂದಿನವರೇ,

ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಹಿಂದಿನ ಕಾಲದವರಿಗೆ ಕಾಗದ ಬರೆಯುವುದನ್ನು ನನಗೆ ಯಾರೂ ಕಲಿಸಿಲ್ಲ. ನಾನು ತುಳಸಾ ಹರಿಕಂತ್ರ, ಈ ಊರಿನ ಕಡಲಬಾಗಿಲು ಕಾಯುವವಳು. ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ನನ್ನ ಗಂಡನನ್ನು ಕೇಳಿದರೂ ಅದನ್ನೇ ಹೇಳುತ್ತಾನೆ. ಆದರೆ ಇವತ್ತು ನಿಮಗೆ ಕೈಮುಗಿಯದೆ ಇರಲಾರೆ.

ನಮ್ಮೂರು ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಉಬ್ಬರ ಬಂದಾಗ ಬಾಗಿಲು ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ಬಾಗಿಲು ಬಂದು ಕೂರುವ ಕಾಲುವೆಯಲ್ಲಿ ಚಿಪ್ಪು ಕಟ್ಟುತ್ತದೆ. ಅದನ್ನು ಕೆರೆಯಲು ನಮ್ಮ ಮುಳುಗುಗಾರರು ಬೆನ್ನಿಗೆ ಗಾಳಿಡಬ್ಬಿ ಕಟ್ಟಿಕೊಂಡು ಇಳಿಯುತ್ತಾರೆ. ನೀರು ಬರೀ ಬಗ್ಗಡ, ಕ್ಯಾಮೆರಾಕ್ಕೆ ಏನೂ ಕಾಣದು. ಹಾಗಾಗಿ ಪ್ರತಿಯೊಬ್ಬರ ಎದೆಗೂ ಅಯಸ್ಕಾಂತದ ಬಿಲ್ಲೆ ಕಟ್ಟುತ್ತೇವೆ. ಗೋಡೆಯಲ್ಲಿ ಹುಗಿದ ಎರಡು ಕಾಂತಗಣ್ಣುಗಳು ಅದನ್ನು ಕೆಸರಿನಲ್ಲೂ ಗುರುತಿಸಿ, ಕಾಲುವೆಯಲ್ಲಿ ಯಾರಾದರೂ ಇದ್ದರೆ ನನ್ನ ಹಲಗೆಯ ಮೇಲೆ ದೀಪ ಹಚ್ಚುತ್ತವೆ. ನೀವು ಅದನ್ನು ಸೆನ್ಸರ್ ಎನ್ನುತ್ತಿದ್ದಿರಿ. ಬಟ್ಟೆ ಒಗೆಯುವ ಮೆಷಿನ್ನಿನ ಮುಚ್ಚಳ ತೆಗೆದದ್ದು, ಸ್ಕೂಟರಿನ ಹಿಡಿ ತಿರುಚಿದ್ದು ಎಲ್ಲ ಅದಕ್ಕೆ ತಿಳಿಯುತ್ತಿತ್ತಂತೆ. ಅಂಥ ಚಿಲ್ಲರೆ ಕೆಲಸ ಮಾಡಿಕೊಂಡಿದ್ದದ್ದು ಇಲ್ಲಿ ಜೀವ ಕಾಯುತ್ತಿದೆ.

ಬಿಲ್ಲೆಯ ಕೆಂಪು ಮುಖ ಹೊರಗಿರಬೇಕು. ಮದುವೆಯಾದ ಮೇಲೆ ಮೊದಲ ಸಲ ನೀರಿಗಿಳಿಯುವಾಗ ಅತ್ತೆಯೇ ಅದನ್ನು ಕಟ್ಟುವುದು ನಮ್ಮಲ್ಲಿ ಪದ್ಧತಿ. ಕಳೆದ ಹುಣ್ಣಿಮೆಯ ಬೆಳಿಗ್ಗೆ ನನ್ನ ಮಗಳು ಮೋಹಿನಿಗೆ ಬೀಗಿತ್ತಿ ಹೊನ್ನಮ್ಮ ಕಟ್ಟಿದರು. ಹಾಡುತ್ತ, ಕಣ್ಣೊರೆಸಿಕೊಳ್ಳುತ್ತ, ಕೆಂಪು ಮುಖವನ್ನು ಒಳಗೆ ಮಾಡಿ ಕಟ್ಟಿಬಿಟ್ಟರು. ಮೇಲೆ ಅರಿಶಿನದ ಬಟ್ಟೆ ಸುತ್ತಿದ್ದರಿಂದ ಯಾರಿಗೂ ಕಾಣಲಿಲ್ಲ.

ಅವತ್ತು ಉಬ್ಬರ ಮೊದಲೇ ಏರಿತು. ಮೇಲೆ ಬನ್ನಿ ಎಂದು ಗಂಟೆ ಬಾರಿಸಿದೆ. ಮುಳುಗುಗಾರರು ಗೋಡೆಯ ಆಚೆ ಬದಿಯಲ್ಲೂ ಹತ್ತುತ್ತಾರೆ. ಆ ಬದಿ ನನಗೆ ಕಾಣದು. ಹಲಗೆ ನೋಡಿದೆ. ಕೆಂಪು ಮುಖವನ್ನಷ್ಟೇ ಬಲ್ಲ ಮೊದಲ ಕಣ್ಣು ಕಾಲುವೆ ಖಾಲಿ ಎಂದಿತು. ಯಾವ ಮುಖವಾದರೂ ಗುರುತಿಸುವ ಎರಡನೆಯದು ಯಾರೋ ಇದ್ದಾರೆ ಎಂದಿತು. ಅದು ಕೆಟ್ಟಿರಬೇಕು, ಮುಚ್ಚು ಮುಚ್ಚು ಎಂದು ಊರ ಮುಖ್ಯಸ್ಥ ಕೂಗಾಡಿದ. ಎರಡು ಕಣ್ಣು ಎರಡು ಮಾತು ಹೇಳಿದರೆ, ಯಾರೋ ಇದ್ದಾರೆ ಎನ್ನುವುದನ್ನೇ ನಂಬು ಎಂಬುದು ನಿಮ್ಮ ಕಾಲದಿಂದ ಬಂದ ನಿಯಮ. ಬಾಗಿಲು ನಿಲ್ಲಿಸಿದೆ. ಬೀದಿಗೆ ನೀರು ನುಗ್ಗಿತು, ಕಣಜದ ಅಕ್ಕಿ ನೆನೆಯಿತು, ಊರಿಗೆ ಊರೇ ನನಗೆ ಹಿಡಿಶಾಪ ಹಾಕಿತು. ಆಮೇಲೆ ಕಾಲುವೆಗೆ ಇಳಿದವರು, ಸಂದಿಯಲ್ಲಿ ಕಾಲು ಸಿಕ್ಕಿಕೊಂಡಿದ್ದ ಮೋಹಿನಿಯನ್ನು ಎತ್ತಿ ತಂದರು. ಅವಳು ಕೆಮ್ಮಿದಾಗ ನನ್ನ ಜೀವ ನನಗೆ ಬಂತು.

ಕೆಂಪು ಅಂದ್ರೆ ಶುಭ ಅಲ್ದಾ, ಎದೆ ಬದಿಗೇ ಇರ್ಲಿ ಅಂದ್ಕಂಡೆ ಎಂದು ಹೊನ್ನಮ್ಮ ಇನ್ನೂ ಅಳುತ್ತಾರೆ. ಬೈಯಬೇಕೆಂದು ಬಾಯಿ ತೆರೆದವಳು ತಬ್ಬಿಕೊಂಡೆ.

ನಿಮ್ಮಲ್ಲೂ ಯಾರೋ ಒಂದು ಸಾಕು, ಎರಡನೆಯದು ದಂಡ ಎಂದಿರುತ್ತಾರೆ. ಕಿವಿಗೆ ಹಾಕಿಕೊಳ್ಳದೆ ಎರಡನೆಯದನ್ನು ಇಟ್ಟ ಪುಣ್ಯಾತ್ಮರೇ, ನಿಮ್ಮ ಹೊಟ್ಟೆ ತಣ್ಣಗಿರಲಿ. ಅದು ವರ್ಷಗಟ್ಟಲೆ ಮೊದಲನೆಯದಕ್ಕೆ ಹೂಂಗುಟ್ಟುತ್ತ ಕೂರುತ್ತದೆ; ಕಿತ್ತುಹಾಕಲು ಕೈ ತುರಿಸುತ್ತದೆ. ದಯವಿಟ್ಟು ಕೀಳಬೇಡಿ. ಅದು ಬೇರೆ ಮಾತು ಹೇಳುವ ದಿನ, ಬಾಗಿಲಿನ ಕೆಳಗೆ ಯಾರ ಮಗಳಿದ್ದಾಳೆಂದು ನಿಮಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.