ನಾನು ಹೊಡೆಯದ ಜಿಂಕೆ

೧೪ ನವೆಂಬರ್ ೨೦೨೪, ಗುರುವಾರ. ದುಕ್ಮ್ ಕಾರ್ಮಿಕರ ಕ್ಯಾಂಪ್, ಒಮಾನ್.

ಕ್ಯಾಂಪಿನ ಹಿಂದೆ ಯಾರೋ ಜಿಂಕೆಯನ್ನು ಗುಂಡಿಕ್ಕಿ ಕೊಂದಿದ್ದಾರೆ. ಇಲ್ಲಿ ಅದಕ್ಕೆ ಜೈಲೇ ಗತಿ. ಬೆಳಿಗ್ಗೆ ಪೊಲೀಸರು ಕೋಣೆ ಕೋಣೆ ಹುಡುಕುತ್ತಾರಂತೆ. ಸುದ್ದಿ ಕೇಳಿದ್ದೇ ಮೆಸ್ಸಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು!

ತಿರುಗದೆ ಏನು ಮಾಡಿಯಾರು? ಎರಡು ವರ್ಷದಿಂದ ಪ್ರತಿ ಗುರುವಾರ ಊಟದ ಮೇಜನ್ನೇ ರಂಗ ಮಾಡಿಕೊಂಡು, ಪಾಯಿಂಟ್ ನಲವತ್ತೈದು ಬೋರಿನ ರಿವಾಲ್ವರಿನಿಂದ ಹಂದಿ, ಜಿಂಕೆ ಉರುಳಿಸಿದ ಕಥೆ ಗರ್ಜಿಸಿದವನು ನಾನೇ. ಸಾಕ್ಷಿಗೆಂದು ಹೆಬ್ಬೆರಳು ದಪ್ಪದ ಕಾಡತೂಸನ್ನೂ ಎತ್ತಿ ತೋರಿಸುತ್ತಿದ್ದೆ. ವರ್ಕ್‌ಶಾಪಿನ ಲೇತಿನಲ್ಲಿ ಹಿತ್ತಾಳೆ ಕಡೆದು ಅದನ್ನು ಮಾಡಿದವನೂ ನಾನೇ. ನಾನು ಜನ್ಮದಲ್ಲಿ ಹಿಡಿದ ಬಂದೂಕು ಒಂದೇ, ಅಪ್ಪನ ನಾಟಕ ಕಂಪನಿಯ ಕಟ್ಟಿಗೆಯದು. ಈಗ ಕಾಡತೂಸನ್ನು ಎಸೆದರೆ ಬಚ್ಚಿಟ್ಟ ಎಂದಾರು, ಇಟ್ಟುಕೊಂಡರೆ ಸಿಕ್ಕಿಬಿದ್ದ ಎಂದಾರು.

ಕೋಣೆಯ ಗೆಳೆಯ ಫಯಾಝ್ ಎದುರು ಎಲ್ಲ ಒಪ್ಪಿಕೊಂಡೆ. ಅತ್ತೇಬಿಟ್ಟೆ.

"ಖರೇನ ಹೇಳ್ತೀನೋ ತಮ್ಮಾ, ನಾ ಒಂದು ಇಲೀನೂ ಹೊಡದಾಂವ ಅಲ್ಲ!"

ಫಯಾಝ್ ಚಪ್ಪಾಳೆ ತಟ್ಟಿದ. "ಎಂಥ ಆ್ಯಕ್ಟಿಂಗ್ ಮಾರಾಯ್ರೆ! ಕಲ್ಲಯ್ಯಣ್ಣ, ನಾಳೆ ಪೊಲೀಸರ ಎದುರು ಇದನ್ನೇ ಮಾಡಿ, ಖಲಾಸ್!"

ನಾಳೆಗೂ ನನ್ನ ಬಳಿ ಇರುವುದು ಇದೇ ಗಂಟಲು, ಇದೇ ಕಣ್ಣೀರು. ಅವರೂ ಇದನ್ನು ನಾಟಕ ಎಂದುಕೊಂಡರೆ?