ನಾವು ನಾಲ್ವರು ಹೊತ್ತದ್ದು

ಕಲ್ಯಾಣ್ ಲೋಕಲ್‌ನಲ್ಲಿ ಸೀಟಿಗಾಗಿ ಮೂರ್ಛೆ ಬೀಳುತ್ತಿದ್ದ ಮಹಾನಟ ಶ್ರೀಮಾನ್ ಲತೀಶರ ಸನ್ನಿಧಾನಕ್ಕೆ,

ತಲುಪದ ವರದಿಯೊಂದನ್ನು ಒಪ್ಪಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನಿನ್ನ ಚಟ್ಟ ಲಿಫ್ಟಿನಲ್ಲಿ ಹಿಡಿಸಲಿಲ್ಲ. ನಾನು, ಸುಪ್ರೀತ್, ಚಿನ್ಮಯ್, ನಿನ್ನ ಅಣ್ಣ ಕುಶಲ ಸೇರಿ ಐದನೇ ಮಹಡಿಯಿಂದ ಮೆಟ್ಟಿಲಲ್ಲೇ ಹೊತ್ತು ಇಳಿಸಿದೆವು. ತಿರುವಿನಲ್ಲಿ ಕುಶಲಣ್ಣ, “ಮೆಲ್ಲ ಮಾರಾಯ, ಬೀಳ್ತಾನೆ!” ಎಂದರು, ಬಿದ್ದರೆ ನಿನಗೆ ಪೆಟ್ಟಾಗುವಂತೆ.

ಆಗ ಪಕ್ಕದ ಮನೆಯ ಫ್ಲೇವಿ ಬಾಯಿ ನಮಗೆ ಹೇಳುತ್ತಿದ್ದ ಕಥೆ ನೆನಪಾಯಿತು. ನಡೆಯಲಾಗದವನೊಬ್ಬನನ್ನು ನಾಲ್ವರು ಹೊತ್ತು ತಂದು, ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಮನೆಯ ಮಾಡು ಬಿಚ್ಚಿ ಮೇಲಿಂದ ಯೇಸುವಿನ ಮುಂದೆ ಇಳಿಸಿದರು. ಹೊತ್ತವರ ನಂಬಿಕೆ ನೋಡಿಯೇ ಯೇಸು ಅವನನ್ನು ಎಬ್ಬಿಸಿದ. ನಾವೂ ನಾಲ್ವರೇ. ನಾನು ನಿನ್ನ ಕಿವಿಗೆ ಬಾಗಿ, “ಏಳೋ, ಸೀಟು ಸಿಕ್ತು,” ಎಂದೆ. ರೈಲಿನಲ್ಲಿ ಪ್ರತಿಸಲ ಆ ಮಾತಿಗೆ ನೀನು ಒಂದು ಕಣ್ಣು ತೆರೆಯುತ್ತಿದ್ದೆ.

ಕೆಳಗಿಳಿದ ಮೇಲೆ ಫ್ಲೇವಿ ಬಾಯಿಯನ್ನೇ ಕೇಳಿದೆ: “ನಮ್ಮ ನಂಬಿಕೆ ಸಾಲಲಿಲ್ಲವಾ?”

“ನಂಗೆ ಗೊತ್ತಿಲ್ಲ ಮಗಾ,” ಎಂದು ಅವರು ಬಿದಿರು ಒತ್ತಿದ್ದ ನನ್ನ ಹೆಗಲನ್ನು ಉಜ್ಜಿದರು. “ನೋಯ್ತದಾ?”

ಇಲ್ಲ ಎಂದೆ. ನೋಯುತ್ತಿದೆ, ಲತೀಶ. ನಾಳೆಯೊಳಗೆ ಅದೂ ಹೋಗಿಬಿಡುತ್ತದೆ.