ಉದ್ಯಾನಕ್ಕೆ ಎಳೆದ ಸುಣ್ಣದ ಗೆರೆ

ಗಜೇಂದ್ರಗಡ
೧೧ ಜೂನ್ ೨೦೨೪

ಪ್ರೀತಿಯ ನೀಲವ್ವಕ್ಕನಿಗೆ,

ಫೋನ್ ಮಾಡಿದರೆ ಮಾಮಾ ಪಕ್ಕದಲ್ಲೇ ಕುಳಿತು ಕೇಳುತ್ತಾರೆ. ಅದಕ್ಕೇ ಈ ಕಾಗದ. ಕಾಯಿಪಲ್ಲೆ ಹೇರಿಕೊಂಡು ನರಗುಂದಕ್ಕೆ ಬರುವ ಉಸ್ಮಾನಸಾಬರು ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಒಬ್ಬಳೇ ಇದ್ದಾಗ ಓದು.

ನಮ್ಮ ಓಣಿಯ ಹಿಂದಿನ ಖಾಲಿ ಜಾಗ ನಿನಗೆ ಗೊತ್ತು. ಊರಿನ ಕಸವೆಲ್ಲ ಬೀಳುವುದು ಅಲ್ಲಿಯೇ. ದೊಡ್ಡ ಮಳೆಯಾದರೆ ಗುಡ್ಡದ ನೀರು ಮನೆಗಳಿಗೆ ನುಗ್ಗುವುದೂ ಅಲ್ಲಿಂದಲೇ. ಅಲ್ಲೊಂದು ಉದ್ಯಾನದ ನಕ್ಷೆ ಮಾಡಲು ಪುರಸಭೆ ನನಗೂ, ನನ್ನ ಜೊತೆ ಕೆಲಸ ಮಾಡುವ ಎಂಜಿನಿಯರ್ ದಾದಾಪೀರನಿಗೂ ಹೇಳಿತ್ತು. ನಡುವಿನ ಆಟದ ಬಯಲನ್ನು ತಗ್ಗಿನಲ್ಲಿ ಇಟ್ಟೆವು. ಬೇಸಿಗೆಯಲ್ಲಿ ಮಕ್ಕಳು ಆಡಲಿ, ಮಳೆಗಾಲದಲ್ಲಿ ನೀರು ನಿಂತು ಸುತ್ತಲಿನ ಬೋರುಗಳಿಗೆ ಇಳಿಯಲಿ ಎಂದು. ಬೇವಿನ ಸಾಲಿನ ಕೆಳಗೆ ಕಲ್ಲಿನ ಕಟ್ಟೆ. ಮುಂಜಾನೆ ಕಾಯಿಪಲ್ಲೆ ಮಾರುವವರಿಗೆ, ಸಂಜೆ ಹೆಂಗಸರಿಗೆ. ಓಣಿಯವರು ನಕ್ಷೆ ನೋಡಿ, "ನಮಗೂ ಕುಂದ್ರಾಕ ಒಂದು ಜಾಗಾ ಆತು ನೋಡವಾ" ಎಂದು ಹಿಗ್ಗಿದರು.

ಆ ಜಾಗದಲ್ಲಿ ಅಂಗಡಿ ಸಾಲು ಎಬ್ಬಿಸಬೇಕೆಂದು ನಿನ್ನ ಮನೆಯವರು, ನಮ್ಮ ಶಶಿಕಾಂತ ಮಾಮಾ, ವರ್ಷಗಟ್ಟಲೆ ಓಡಾಡಿದ್ದರಲ್ಲ. ಪುರಸಭೆ ಒಪ್ಪಿಗೆ ಕೊಟ್ಟದ್ದು ಉದ್ಯಾನಕ್ಕೆ.

ಭಾನುವಾರ ಮುಂಜಾನೆ ನಾವಿಬ್ಬರೂ ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದೆವು. ಜೀಪೊಂದು ಬಂದು ನಿಂತಿತು. ಮುಖಕ್ಕೆ ಟವೆಲ್ ಸುತ್ತಿಕೊಂಡ ನಾಲ್ವರು ಇಳಿದರು. ನಾವು ನೆಟ್ಟ ಗೂಟಗಳನ್ನೇ ಕಿತ್ತು ನಮಗೆ ಹೊಡೆಯತೊಡಗಿದರು. ನನ್ನ ಎಡಗೈ ಮುರಿಯಿತು, ನೆಲಕ್ಕೆ ಬಿದ್ದೆ. ದಾದಾಪೀರ ನನಗೆ ಅಡ್ಡ ಬಂದು, "ಹೆಣ್ಮಗಳ ಮ್ಯಾಲೆ ಕೈ ಮಾಡಬ್ಯಾಡ್ರಿ" ಎಂದು ಕೂಗಿದ. ಒಬ್ಬನ ಹಾರೆ ಅವನ ತಲೆಗೆ ಬಿತ್ತು. ಹಸಿ ಕಟ್ಟಿಗೆ ಸೀಳಿದಂಥ ಸಪ್ಪಳ, ಅಕ್ಕ. ಎದ್ದು ತಡೆಯಲು ಹೋದ ನನ್ನ ಬಲಗೈಗೆ ಹೊಡೆದವನ ಟವೆಲ್ ಸಿಕ್ಕಿ ಮುಖ ಬಯಲಾಯಿತು.

ಮಾಮಾ.

ದೀಪಾವಳಿಗೆ ಬಂದಾಗ ಮಾತಾಡುವ ದನಿಯಲ್ಲೇ, "ಶೈಲಾ, ನೀ ಮನೀಗೆ ಹೋಗವಾ. ಇದರಾಗ ನಿಂದೇನೂ ಇಲ್ಲ" ಎಂದರು. ಮತ್ತೆ ಹಾರೆ ಎತ್ತಿದರು. ಬಿದ್ದವನ ಮೇಲೆ, ಅಲುಗಾಡದವನ ಮೇಲೆ. ಸುಣ್ಣ ರಕ್ತದಲ್ಲಿ ಕಲಸಿಹೋಯಿತು.

ದಾದಾಪೀರ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಾನೆ. ಎಚ್ಚರ ಬಂದಿಲ್ಲ. ಅವನ ತಾಯಿ ಲಾಲಬಿ ನನ್ನ ಗದ್ದ ಹಿಡಿದು, "ಯಾರಿದ್ರು, ನೋಡಿಯೇನ ಬೇಟಿ?" ಎಂದು ಕೇಳಿದರು. ಇಲ್ಲವೆಂದೆ. ಪೊಲೀಸರಿಗೂ ಅದನ್ನೇ ಹೇಳಿದೆ. ನಿನ್ನ ಕೊರಳ ತಾಳಿ, ನಿನ್ನ ಮಕ್ಕಳು ಕಣ್ಣ ಮುಂದೆ ಬಂದರು. ದಾದಾಪೀರನೊಬ್ಬ ಉಳಿದರೆ ಸಾಕು. ಮಾಮಾನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಆದರೆ ಆ ಮನುಷ್ಯನಿಗೆ ನೀನು ದಿನಾ ರೊಟ್ಟಿ ಬಡಿದು ಹಾಕುತ್ತೀ. ಹುಷಾರಾಗಿರು.

ನಿನ್ನ ತಂಗಿ,
ಶೈಲಶ್ರೀ

ತಾ.ಕ.: ಕಾಗದ ಮಡಿಸುತ್ತಿದ್ದಾಗ ದಾದಾಪೀರನ ತಂಗಿ ನಜ್ಮಾಳ ಫೋನ್ ಬಂತು. ಅವನು ಹೋದ. ಮಣ್ಣು ಮಾಡುವ ಮೊದಲೇ ನಾನು ಠಾಣೆಗೆ ಹೋಗಿ ನಿನ್ನ ಗಂಡನ ಹೆಸರು ಹೇಳುತ್ತೇನೆ. ಉಸ್ಮಾನಸಾಬರ ಗಾಡಿ ನಿಮ್ಮ ಬಾಗಿಲಲ್ಲೇ ನಿಂತಿರುತ್ತದೆ; ಮಕ್ಕಳನ್ನು ಕರೆದುಕೊಂಡು ಹತ್ತಿಬಿಡು. ನೀನು ಬಾರದಿದ್ದರೂ ಹೇಳುತ್ತೇನೆ, ಅಕ್ಕ.